ಹೆಬ್ಬೆರಳಗಲದ ದೇಶ

ಜಗತ್ತನ್ನು ಗೋಡೆಗೆ ಅಂಟಿಸುವುದು ಅವನ ಕೆಲಸ. ವಿದೇಶಾಂಗ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವನು ಗೋಂದಣ್ಣ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದುಕೊಂಡಿತ್ತು.

ಆನೆ ನಡೆದದ್ದೇ ದಾರಿ ಅನ್ನುತ್ತಾರಲ್ಲ, ಅವನ ದೇಶ ಅಂಥದು. ಆ ಆನೆ ಮುಂದಿನ ಹೆಜ್ಜೆ ಎಲ್ಲಿಡಬೇಕು ಎಂದು ತೀರ್ಮಾನವಾಗುತ್ತಿದ್ದದ್ದು ಎರಡನೇ ಮಹಡಿಯ ದೊಡ್ಡ ಸಭಾಂಗಣದಲ್ಲಿ. ಅಲ್ಲಿನ ಒಂದಿಡೀ ಗೋಡೆಗೆ ಹನ್ನೆರಡು ಹಾಳೆಗಳ ಭೂಪಟ. ನಟ್ಟನಡುವೆ ಗಾಢ ಕೆಂಪಿನ ಸ್ವದೇಶ. ದೂರ ಹೋದಂತೆಲ್ಲ ಉಳಿದ ದೇಶಗಳ ಬಣ್ಣ ತೆಳುವಾಗುತ್ತಿತ್ತು. ಗೆಳೆಯರಿಗೆ ಹಸಿರು ಗುಂಡುಸೂಜಿ, ಆಗದವರಿಗೆ ಕಪ್ಪು, ಕಣ್ಣಿಡಬೇಕಾದವರಿಗೆ ನೀಲಿ. ಇಪ್ಪತ್ತಾರನೇ ವಯಸ್ಸಿನಲ್ಲಿ ಆ ಗೋಡೆಯನ್ನು ಮೊದಲು ನೋಡಿದ ದಿನ ಗೋಂದಣ್ಣ ತೆರೆದ ಬಾಯಿ ಮುಚ್ಚಿರಲಿಲ್ಲ. ಮೂವತ್ತು ವರ್ಷ ಕಳೆದರೂ, ಬೆಳಿಗ್ಗೆ ಏಣಿ ಹತ್ತಿ ಒಣಬಟ್ಟೆಯಿಂದ ಸಮುದ್ರಗಳ ಧೂಳು ಒರೆಸುವಾಗ ಅವನ ಮೈ ಜುಮ್ಮೆನ್ನುತ್ತಿತ್ತು.

ಅಧಿಕಾರಿಗಳ ಮಾತು ಕೇಳುವುದಂತೂ ಇನ್ನೊಂದು ಸೋಜಿಗ. ಈ ಜಲಸಂಧಿ ನಮ್ಮ ಬಾಗಿಲು, ಈ ದ್ವೀಪಗಳು ನಮ್ಮ ಮೆಟ್ಟಿಲು, ಆ ಬೆಟ್ಟದಾಚೆಯವರು ನಮ್ಮನ್ನು ಕೇಳದೆ ಯಾರ ಕೈಯನ್ನೂ ಹಿಡಿಯಬಾರದು. ಕೋಲಿನ ತುದಿಯಲ್ಲಿ ಅರ್ಧ ಖಂಡ ಅತ್ತಿತ್ತ ಆಗಿಬಿಡುತ್ತಿತ್ತು. ಸಂಜೆ ಮನೆಗೆ ಬಂದು ಅದನ್ನೆಲ್ಲ ಅಮ್ಮನಿಗೆ ಒಪ್ಪಿಸುತ್ತಿದ್ದ. ಎಂಬತ್ತೆಂಟರ ಅಮ್ಮ ಅದಕ್ಕೆಲ್ಲ ಮಣಿಯುವವಳಲ್ಲ.

"ಅಷ್ಟೂ ಬಾಗಿಲು ನಮ್ದೇ ಆದ್ರೆ ಬೇರೆಯವ್ರು ಎಲ್ಲಿಂದ ಒಳಗ್ ಬರ್ಬೇಕೋ?" ಅನ್ನುತ್ತಿದ್ದಳು. ಆಮೇಲೆ ಕೇಳುವುದು ಒಂದೇ ಪ್ರಶ್ನೆ. "ಅವಳ ಕಾಗ್ದ ಏನಾಯ್ತು?"

ಅವಳು ಅಂದರೆ ಗೋಂದಣ್ಣನ ತಂಗಿ. ಇಲ್ಲಿ ಓದಲು ಬಂದಿದ್ದ ಮೇಷ್ಟ್ರೊಬ್ಬರನ್ನು ಮದುವೆಯಾಗಿ ಅವರ ದೇಶಕ್ಕೆ ಹೋದವಳು. ನಾಲ್ಕು ಲಕ್ಷ ಜನರ ಪುಟ್ಟ ದೇಶ ಅದು. ಮೊದಮೊದಲು ಎರಡು ವರ್ಷಕ್ಕೊಮ್ಮೆ ಬರುತ್ತಿದ್ದಳು. ಹನ್ನೊಂದು ವರ್ಷದ ಹಿಂದೆ ಹೊಸ ನಿಯಮ ಬಂತು: ಹೊರಗಿನಿಂದ ಬರುವವರ ಅರ್ಜಿಗೆ ಆಯಾ ದೇಶವನ್ನು ನೋಡಿಕೊಳ್ಳುವ ವಿಭಾಗ ಒಪ್ಪಿಗೆ ಕೊಡಬೇಕು. ವಿಭಾಗಗಳನ್ನು ಹಂಚಿದ್ದು ಗೋಡೆಯ ಹಾಳೆಗಳ ಲೆಕ್ಕದಲ್ಲೇ, ಒಂದೊಂದು ಹಾಳೆಗೆ ಒಂದೊಂದು ವಿಭಾಗ. ತಂಗಿಯ ಅರ್ಜಿಯನ್ನು ಐದನೆಯವರು ಆರರವರದು ಅಂದರು, ಆರನೆಯವರು ಐದರವರದು ಅಂದರು. ಗಂಡಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಅರ್ಜಿ ನಡುವೆಯೇ ಸೊರಗಿತು. ಅಷ್ಟು ಚಿಕ್ಕ ದೇಶವನ್ನು ಭೂಪಟದಲ್ಲಿ ಬರೆದೇ ಇರಲಾರರು ಎಂದುಕೊಂಡಿದ್ದ ಗೋಂದಣ್ಣ ಅದನ್ನು ಹುಡುಕುವ ಗೋಜಿಗೂ ಹೋಗಿರಲಿಲ್ಲ. ಇತ್ತೀಚೆಗೆ ಅಮ್ಮ ಹಾಸಿಗೆ ಹಿಡಿದಿದ್ದಳು. ಡಾಕ್ಟರು ತಿಂಗಳುಗಳ ಮಾತು ಬಿಟ್ಟು ವಾರಗಳ ಮಾತಾಡತೊಡಗಿದ್ದರು.

ಹೀಗಿರುವಾಗ ಹೊಸ ಭೂಪಟ ಬಂತು. ಮುಂದಿನ ಹತ್ತು ವರ್ಷ ತಮ್ಮ ದೇಶ ಜಗತ್ತನ್ನು ಹೇಗೆ ನೋಡಬೇಕು ಎಂಬುದನ್ನು ಮಂತ್ರಿಗಳು ಅದರ ಮುಂದೆ ನಿಂತು ವಿವರಿಸುವವರಿದ್ದರು. ಹನ್ನೆರಡು ವರ್ಷದ ಹಳೆಯದನ್ನು ಬಿಸಿನೀರಿನ ಬಟ್ಟೆಯಿಂದ ನೆನೆಸಿ ಕಿತ್ತು, ಹೊಸದನ್ನು ಅಂಟಿಸಬೇಕಿತ್ತು.

ಐದು ಮತ್ತು ಆರನೇ ಹಾಳೆಯ ಬೆಸುಗೆಯನ್ನು ಬಿಡಿಸಿದಾಗ ಅವನ ಕೈಯ ಬಟ್ಟೆ ಅಲ್ಲೇ ನಿಂತಿತು. ಮೇಲಿನ ಹಾಳೆಯ ಅಂಚಿನ ಕೆಳಗೆ ಒಂದು ದೇಶವಿತ್ತು. ಬೆಳಕು ಸೋಕದ ಕಾರಣ ಅದರ ಬಣ್ಣ ನಿನ್ನೆ ಬಳಿದಷ್ಟು ತಾಜಾ ಇತ್ತು. ಒಂದು ನದಿ, ಎರಡು ಊರು, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೆಸರು. ಅವನ ತಂಗಿಯ ದೇಶ.

ತಪ್ಪು ಯಾರದೆಂದು ಯಾರನ್ನೂ ಕೇಳಬೇಕಿರಲಿಲ್ಲ. ಒಂದು ಹಾಳೆ ಇನ್ನೊಂದರ ಮೇಲೆ ಹೆಬ್ಬೆರಳಗಲ ಕೂರಬೇಕು ಎಂದು ಕೆಲಸ ಕಲಿಸಿದ ಗುರು ಹೇಳಿಕೊಟ್ಟಿದ್ದರು. ಗುರುವಿನದು ಸಣಕಲು ಬೆರಳು. ಇವನದು ಒನಕೆಯ ತುಂಡು. ಅವನು ಅಂಟಿಸಿದ ಪ್ರತಿ ಬೆಸುಗೆಯಲ್ಲೂ ಜಗತ್ತು ಒಂದಿಷ್ಟು ಕಿರಿದಾಗಿತ್ತು. ಉಳಿದ ಕಡೆ ಹೋದದ್ದು ಸಮುದ್ರ, ಮರಳುಗಾಡು, ಯಾರಿಗೂ ಬೇಕಾಗಿರಲಿಲ್ಲ. ಇಲ್ಲಿ ನಾಲ್ಕು ಲಕ್ಷ ಜನ ಹೋಗಿದ್ದರು. ಅಧಿಕಾರಿಗಳ ಅಷ್ಟೊಂದು ಕಣ್ಣುಗಳು ಹನ್ನೆರಡು ವರ್ಷ ಈ ಗೋಡೆಯನ್ನು ನೋಡಿದ್ದವು, ಒಬ್ಬರಿಗೂ ಕೊರತೆ ಕಂಡಿರಲಿಲ್ಲ. ಗೋಂದಣ್ಣ ಏಣಿಯ ಮೇಲೆಯೇ ಕುಳಿತು ತನ್ನ ಹೆಬ್ಬೆರಳನ್ನು ನೋಡಿಕೊಂಡ. ಇಷ್ಟು ದೊಡ್ಡದನ್ನು ಮುಚ್ಚುವ ಶಕ್ತಿ ತನ್ನಂಥವನ ಕೈಯಲ್ಲೂ ಇತ್ತೇ ಎಂದು ಅವನಿಗೆ ಭಯವೂ ಬೆರಗೂ ಒಟ್ಟಿಗೇ ಆದವು.

ಮಧ್ಯಾಹ್ನ ತಂಗಿಗೆ ಫೋನು ಹಚ್ಚಿ ಎಲ್ಲ ಹೇಳಿದ. ಆ ಕಡೆಯಿಂದ ನಗು ಕೇಳಿಸಿತು, ಆಮೇಲೆ ನಗು ನಿಂತಿತು.

"ಈ ಸಲಾನೂ ಹಾಗೇ ಅಂಟ್ಸಿಬಿಡಣ್ಣ."

"ಏನ್ ಮಾತು ಅಂತ ಆಡ್ತೀಯೆ?"

"ನಮ್ ಸುತ್ತ ಇರೋರ್ನ ನೋಡು. ಒಬ್ರಿಗೆ ನಿಮ್ಮೋರ ಬಂದರು ಬಂತು, ಇನ್ನೊಬ್ರಿಗೆ ನಿಮ್ಮೋರ ದಂಡು ಬಂತು. ನಮಗೆ ಯಾರೂ ಬರ್ಲಿಲ್ಲ. ಮಕ್ಳು ಶಾಲೆಗ್ ಹೋಗ್ತಿದಾರೆ, ನದಿ ನದಿಯಾಗೇ ಇದೆ. ದೊಡ್ಡೋರ ಕಣ್ಣಿಗೆ ಬೀಳೋದು ಒಳ್ಳೇದಲ್ಲಣ್ಣ." ಆಮೇಲೆ "ಅಮ್ಮ ಊಟ ಮಾಡ್ತಾಳಾ?" ಎಂದು ಕೇಳಿದವಳೇ ಅಳತೊಡಗಿದಳು.

ಅತ್ತ ದರಿ, ಇತ್ತ ಪುಲಿ. ಮೂರು ದಿನ ಗೋಂದಣ್ಣ ಧ್ರುವಗಳನ್ನು ಅಂಟಿಸಿದ, ಸಾಗರಗಳನ್ನು ಅಂಟಿಸಿದ. ಆ ಒಂದು ಬೆಸುಗೆಯ ಹತ್ತಿರ ಸುಳಿಯಲಿಲ್ಲ. ನಾಲ್ಕನೇ ದಿನ ಅಮ್ಮ ಅವನನ್ನೇ ಮಗಳೆಂದು ತಿಳಿದು ಕೈಹಿಡಿದು, "ಬಂದ್ಯಾ?" ಅಂದಳು. ಅವನು ಕಚೇರಿಗೆ ಹೋಗಿ, ಅಳತೆಪಟ್ಟಿ ಹಿಡಿದು, ಅಂಚನ್ನು ಎಷ್ಟು ಬೇಕೋ ಅಷ್ಟೇ ಕತ್ತರಿಸಿ ಅಂಟಿಸಿದ. ಇರುವುದನ್ನು ಇಲ್ಲ ಅನ್ನಿಸಿದ್ದು ಒಂದು ಸಲ ಕೈತಪ್ಪು, ಗೊತ್ತಿದ್ದೂ ಮಾಡಿದರೆ ಪಾಪ ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ ಅಮ್ಮನ ಆ ಒಂದು ಮಾತೇ ಸಾಕಾಗಿತ್ತು.

ಸಭೆಯ ದಿನ ಭೂಪಟದ ಪಕ್ಕ ಏಣಿ ಹಿಡಿದು ನಿಲ್ಲುವ ಕೆಲಸವೂ ಅವನದೇ. ಮಂತ್ರಿಗಳು ಮಾತಾಡಿದರು. ಅಬ್ಬಾ, ಏನು ಮಾತು! ಯಾವ ಸಮುದ್ರದಲ್ಲಿ ಯಾರ ಹಡಗು ತೇಲಬೇಕು, ಯಾವ ಅರಸೊತ್ತಿಗೆ ಎಷ್ಟು ದಿನ ಬಾಳಬಹುದು, ಯಾವ ಮರುಭೂಮಿಯಲ್ಲಿ ತಮ್ಮ ಮೊಮ್ಮಕ್ಕಳಿಗೆ ಎಣ್ಣೆ ಇದೆ; ನಲವತ್ತು ಜನ ಉಸಿರು ಬಿಗಿಹಿಡಿದು ಕೇಳಿದರು. ಗೋಂದಣ್ಣನ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಕೋಲು ಐದನೇ ಹಾಳೆ ದಾಟಿ ಆರಕ್ಕೆ ಹೋಗುವಾಗ ಗಕ್ಕನೆ ನಿಂತಿತು.

"ಇದ್ಯಾವುದು?"

ಐದನೇ ವಿಭಾಗದವರು ಆರನೆಯವರನ್ನು ನೋಡಿದರು. ಆರನೆಯವರು ಚಾವಣಿ ನೋಡಿದರು.

"ಕೇಳ್ತಿದೀನಲ್ಲ, ಯಾರದು ಇದು? ನಮ್ಮ ಕಡೆಯವರದಾ, ಅವರ ಕಡೆಯವರದಾ?"

ಮೂವತ್ತು ವರ್ಷ ಆ ಕೋಣೆಯಲ್ಲಿ ಬಾಯಿ ಬಿಡದವನು ಬಾಯಿ ಬಿಟ್ಟ.

"ನನ್ ತಂಗೀದು ಸ್ವಾಮಿ."

ಯಾರೋ ಕಿಸಕ್ಕೆಂದರು. ಮಂತ್ರಿಗಳು ನಗಲಿಲ್ಲ. ಏಣಿ ಹಿಡಿದ ಮನುಷ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಬರ್ತಿರ್ತಾರಾ?" ಎಂದು ಕೇಳಿದರು. "ಹನ್ನೊಂದು ವರ್ಷ ಆಯ್ತು ಸ್ವಾಮಿ," ಅಂದ. ಮಂತ್ರಿಗಳು ಕಾರ್ಯದರ್ಶಿಯ ಕಡೆ ತಿರುಗಿ ಏನೋ ಬರೆಸಿದರು, ಒಂದಲ್ಲ, ಎರಡು ಸಾಲು.

ಮೊದಲ ಸಾಲಿನ ಫಲ ಆರನೇ ದಿನಕ್ಕೆ ಬಾಗಿಲಲ್ಲಿ ಬಂದು ನಿಂತಿತು, ಕೈಯಲ್ಲಿ ಒಂದೇ ಒಂದು ಚೀಲ ಹಿಡಿದು. ಅಮ್ಮ ಮಗಳ ಮುಖವನ್ನು ಎರಡು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಸಣ್ಣಗಾಗಿದೀಯ" ಅಂದಳು. ಆ ಮನೆಯಲ್ಲಿ ಅಷ್ಟು ಸಂತೋಷ ಯಾವತ್ತೂ ತುಂಬಿರಲಿಲ್ಲ.

ಅಡುಗೆಮನೆಯಲ್ಲಿ ತಂಗಿ ಮೆಲ್ಲಗೆ ಕೇಳಿದಳು. "ಅಂದ್ರೆ ಈಗ ನಾವು ಅವ್ರಿಗೆ ಕಾಣ್ತೀವಿ?"

"ಕಾಣ್ತೀರಿ."

ಅವಳು ತಿರುಗಿ ಒಲೆಯ ಉರಿ ಸಣ್ಣ ಮಾಡಿದಳು. ಅವನ ಅಂಗಿಯ ಜೇಬಿನಲ್ಲಿ, ಕಾಗದದ ಚೂರಿನಲ್ಲಿ ಸುತ್ತಿದ ಒಂದು ನೀಲಿ ಗುಂಡುಸೂಜಿ ಇತ್ತು. ಮಂತ್ರಿಗಳು ಬರೆಸಿದ ಎರಡನೇ ಸಾಲು ಅದು, ಕಣ್ಣಿಡಬೇಕಾದವರ ಬಣ್ಣ. ಸೋಮವಾರ ಬೆಳಿಗ್ಗೆ ಸಭೆ ಸೇರುವುದರೊಳಗೆ ಅವನೇ ಅದನ್ನು ತಂಗಿಯ ದೇಶದ ಮೇಲೆ ಚುಚ್ಚಬೇಕಿತ್ತು.