ಕುದುರೆಗೆ ಸಪ್ಲಿಮೆಂಟರಿ ಇಲ್ಲ

ಕುದುರೆಯ ಮೇಲೆ ನಾನು ಕೂತದ್ದು ಒಮ್ಮೆ ಮಾತ್ರ. ಅದು ನನ್ನ ಮದುವೆಯ ದಿನ, ಎರಡೂ ಕಡೆಯಿಂದ ಭಾವಮೈದುನರು ಹಿಡಿದುಕೊಂಡಿದ್ದರು. ಇಂಥವನು ದೂರದ ಕುದುರೆ ಸವಾರಿ ಎಷ್ಟು ಕಷ್ಟವಿರಬೇಕು ಎಂದು ಬರೆಯಲು ಹೊರಟರೆ ನಗು ಬರುವುದು ಸಹಜ. ನಗಿ. ನಾನು ಮೊಬೈಲಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವವನು. ನೀವು ನಕ್ಕು ಮುಗಿಸುವಷ್ಟರಲ್ಲಿ ಮುಂದಿನ ಸಾಲು ಸಿಕ್ಕಿರುತ್ತದೆ.

ಗೆಳೆಯ ಮಾಬುಸಾಬ ಕೊಟ್ಟೂರಿನಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ಅವನ ಹೆಣ್ಣುಕುದುರೆ ಚಾಂದನಿ ಮದುವೆ ಮೆರವಣಿಗೆಗೆ ಹೋಗುತ್ತದೆ. ಕೂಡ್ಲಿಗಿಯ ಬಸಣ್ಣನಿಗೂ ಒಂದು ಕುದುರೆಯುಂಟು, ನಾಲಿಗೆಯೂ ಉಂಟು.

"ನಿಂದು ಕಲ್ಯಾಣಮಂಟಪದಿಂದ ಬಸ್‌ಸ್ಟ್ಯಾಂಡ್ ತನಕ ಹೋಗೋ ಕುದುರಿ ಬಿಡಲೇ," ಎಂದು ಅವನು ಅಂದದ್ದು ಮಾಬುಸಾಬನಿಗೆ ಚುಚ್ಚಿತು. ಆ ಮಾತನ್ನು ಅಳಿಸಲೆಂದೇ ಸವಾರಿ ನಿಶ್ಚಯವಾಯಿತು. ಕೊಟ್ಟೂರಿನಿಂದ ಹೊರಟು, ಚಿಗಟೇರಿ ಹಾದು, ಉಚ್ಚಂಗಿದುರ್ಗದ ಗುಡ್ಡ ಹತ್ತಿದರೆ ಗೆಲುವು.

"ಅರ್ಧ ಕುದುರಿ ದಾರ್ಯಾಗ ಉಳೀಬೇಕು. ಎಲ್ಲಾರೂ ಮುಟ್ಟಿದ್ರ ಅದೇನ್ ಸವಾರಿ, ಸಿಟಿ ಬಸ್ಸು," ಎಂದ ಬಸಣ್ಣ. ಇರುವುದೇ ಎರಡು ಕುದುರೆ ಎಂದು ಯಾರೂ ನೆನಪಿಸಲಿಲ್ಲ.

ನನ್ನನ್ನು ತೀರ್ಪುಗಾರನನ್ನಾಗಿ ಮಾಡಿದರು, ಏಕೆಂದರೆ ನಾನು ಓದಿದವನು. ಮೀಸೆ ನರೆಯುವ ವಯಸ್ಸಿನಲ್ಲಿ ಹತ್ತನೇ ತರಗತಿ ಪಾಸಾದವನಿಗೆ ಕಷ್ಟದ ಬಗ್ಗೆ ಒಂದಿಷ್ಟು ಅಭಿಪ್ರಾಯಗಳಿರುತ್ತವೆ. ಪ್ರಶ್ನೆಪತ್ರಿಕೆ ತೀರಾ ಸುಲಭವಿದ್ದರೆ ಪಾಸಾದರೂ ಹೆಂಡತಿ ನಂಬುವುದಿಲ್ಲ. ತೀರಾ ಕಠಿಣವಿದ್ದರೆ ಸಪ್ಲಿಮೆಂಟರಿ ಇದ್ದೇ ಇದೆ. ಗಣಿತದಲ್ಲಿ ನಾನೇ ಆ ದಾರಿಯಲ್ಲಿ ಬಂದವನು. ಆದರೆ ಕುದುರೆಯ ಕಾಲಿಗೆ ಸಪ್ಲಿಮೆಂಟರಿ ಎಲ್ಲಿದೆ? ಪರೀಕ್ಷೆಗೆ ಅರ್ಜಿ ಹಾಕಿದ್ದು ಸವಾರ, ಬರೆಯುವುದು ಕುದುರೆ. ಇದೇ ನನ್ನ ತಲೆ ಕೊರೆಯುತ್ತಿತ್ತು.

ಪಶುವೈದ್ಯರು ನನಗೊಂದು ವಿದ್ಯೆ ಕಲಿಸಿದ್ದರು. ತಂಗುವ ಕಡೆಯಲ್ಲೆಲ್ಲ ಕುದುರೆಯ ಮುಂಗಾಲಿನ ಹಿಂದೆ ಅಂಗೈ ಇಟ್ಟು ಎದೆಬಡಿತ ನೋಡಬೇಕು. ಸುಧಾರಿಸಿಕೊಂಡ ಮೇಲೆ ಬಡಿತ ಇಳಿದರೆ ಮುಂದೆ ಬಿಡಬೇಕು, ಇಳಿಯದಿದ್ದರೆ ಅಲ್ಲಿಗೇ ಮುಗಿಯಿತು. ನಾನು ಸ್ಕೂಟರಿನಲ್ಲಿ ಹಿಂದೆ ಹೊರಟೆ.

ಚಿಗಟೇರಿಯಲ್ಲಿ ಒಂದು ಮದುವೆ. ವಾದ್ಯ ಕೇಳಿದ್ದೇ ಚಾಂದನಿ ಗಕ್ಕನೆ ನಿಂತು ಕಾಲೆತ್ತಿ ಕುಣಿಯತೊಡಗಿತು. ಮದುಮಗನ ಕುದುರೆ ಬಂತೆಂದು ತಿಳಿದ ಹೆಂಗಸರು ಅದರ ಹಣೆಗೆ ಕುಂಕುಮ ಹಚ್ಚಿ, ನೆನೆಸಿದ ಕಡಲೆ ತಿನ್ನಿಸಿದರು. ಒಬ್ಬ ಅಜ್ಜಿ ಮಾಬುಸಾಬನ ಬಿಳಿ ಗಡ್ಡವನ್ನೇ ನೋಡಿ, "ವಯಸ್ಸಾಗೇತಲ್ಲವಾ ವರಗ," ಎಂದಳು. ಬಸಣ್ಣ ನಗುತ್ತ ಮುಂದೆ ಓಡಿಸಿದ. ವಾದ್ಯ ನಿಲ್ಲುವ ತನಕ ಚಾಂದನಿ ಕದಲಲಿಲ್ಲ. ಮಾಬುಸಾಬ ಹಲ್ಲು ಕಚ್ಚಿ ಕೂತಿದ್ದ.

ಸಂಜೆ ನಾನು ಸ್ಕೂಟರಿನಲ್ಲಿ ಮುಂದೆ ಹೋಗಿ ಗುಡ್ಡದ ಬುಡ ಮುಟ್ಟಿದಾಗ ಬಸಣ್ಣನ ಕುದುರೆ ಏದುಸಿರು ಬಿಡುತ್ತಿತ್ತು. ಎಷ್ಟು ಕಾದರೂ ಅದರ ಬಡಿತ ಇಳಿಯಲಿಲ್ಲ. ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ಚಾಂದನಿ ಬಂತು. ಕಾದು, ಅಂಗೈ ಇಟ್ಟೆ. ಬಡಿತ ಇಳಿದಿತ್ತು.

"ಪಾಸು," ಎಂದೆ.

ಇನ್ನು ಗುಡ್ಡ ಹತ್ತಿದರೆ ಆಯಿತು, ಬಸ್‌ಸ್ಟ್ಯಾಂಡಿನ ಮಾತು ಅಳಿಸಿಹೋಗುತ್ತಿತ್ತು. ಮಾಬುಸಾಬ ಗುಡ್ಡ ನೋಡಿದ. ಆಮೇಲೆ ತಾನು ಮುಂದಿಟ್ಟ ಹುಲ್ಲನ್ನು ನೋಡಿದ. ಚಾಂದನಿ ಅದಕ್ಕೆ ಬಾಯಿ ಹಾಕಿರಲಿಲ್ಲ. ಅವನು ಜೀನಿನ ಪಟ್ಟಿ ಬಿಚ್ಚಿದ.

"ಸಾಕು," ಎಂದ.

ನಮ್ಮ ಭಾಷೆಯಲ್ಲಿ ಕುದುರೆಯನ್ನು ಸಾಕುವುದಕ್ಕೂ, ಇನ್ನು ಸಾಕು ಎನ್ನುವುದಕ್ಕೂ ಒಂದೇ ಶಬ್ದ. ಪರೀಕ್ಷೆಯಲ್ಲಿ ನಾನಾರ್ಥ ಬರೆದು ಅಂಕ ಪಡೆದಿದ್ದೆ. ಅರ್ಥವಾದದ್ದು ಆ ಗುಡ್ಡದ ಬುಡದಲ್ಲಿ. ಸವಾರಿ ಎಷ್ಟು ಕಷ್ಟವಿರಬೇಕು ಎಂದು ಯಾರಾದರೂ ಕೇಳಿದರೆ, ಆ ಒಂದು ಶಬ್ದ ಹೇಳಲು ಸವಾರನಿಗೆ ಆಗುವಷ್ಟು ಕಷ್ಟ ಎನ್ನುತ್ತೇನೆ. ಕುದುರೆಗೆ ಅದಕ್ಕಿಂತ ಕಡಿಮೆಯೇ ಇರಲಿ.

ಜೀನು ಇಳಿದ ಮೇಲೆ ಚಾಂದನಿ ಮೈ ಕೊಡವಿ, ಹುಲ್ಲಿಗೆ ಬಾಯಿ ಹಾಕಿತು. ಬಸಣ್ಣ ಅದನ್ನೇ ನೋಡುತ್ತ ಕೂತಿದ್ದ.

"ಗುಡ್ಡ ಹತ್ತಲಿಲ್ಲಂದ್ರ ಸವಾರಿ ಸುಲಭ ಆತು ಬಿಡಲೇ," ಎಂದ, ದನಿ ತಗ್ಗಿಸಿ.

"ಹತ್ತೋದು ಸುಲಭಪಾ," ಎಂದ ಮಾಬುಸಾಬ. "ಬರೋ ವರ್ಷ ನೀ ಪಾಸಾಗು. ಆಮ್ಯಾಲ ಇಲ್ಲೇ ಇಳಿದು ನೋಡು."