ತಾತನ ಸಾವಿಗೆ ಬಂದವರು

ಕೈಯಲ್ಲಿ ಬರೆದ ಹಾಳೆಯ ಫೋಟೋ ಹಾಕಿದ್ದೇನೆ. ಓದಿದ್ದು ನಾಲ್ಕನೇ ತರಗತಿ. ಅಕ್ಷರ, ಕಾಗುಣಿತ ಕೆಟ್ಟಿದ್ದರೆ ಕ್ಷಮಿಸಿ.

ನಮ್ಮಲ್ಲಿ ಸಾವಾದರೆ ಊರಿಗೆ ತಿಳಿಯಲೆಂದು ಬೆನ್ನುಬೆನ್ನಿಗೆ ಎರಡು ಗುಂಡು ಹಾರಿಸುತ್ತಾರೆ. ಇಂದು ಆ ಸದ್ದು ಕೇಳಿ, ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ ನೆನಪಾಯಿತು. ಹುದಿಕೇರಿಯ ಮನೆಯಲ್ಲಿ ತಾತ ಹಾಸಿಗೆ ಹಿಡಿದಿದ್ದರು. ಗುಡ್ಡದಾಚೆ ಎರಡು ಸಲ ಢಂ ಎಂದಿತು. ತಾತ ಹೋದರೆಂದು ಊರೆಲ್ಲ, ಎಸ್ಟೇಟಿನ ಕೂಲಿಯವರೂ ಸೇರಿ, ಬಿಳಿಬಟ್ಟೆ ಉಟ್ಟು ನಮ್ಮ ಮನೆಗೇ ಬಂತು.

"ಬದುಕಿದ್ದೀಯಲ್ಲ ಮಾವ, ಕೆಲ್ಸ ಬಿಟ್ ಬಂದ್ವಲ್ಲ," ಎಂದ ಬಂದವರಲ್ಲೊಬ್ಬ.

"ಕಾಫಿ ಕುಡ್ದು ಕೂತಿರಿ, ಸಂಜೆಗೆ ಸಾಯ್ತೀನಿ," ಎಂದರು ತಾತ. ಎಲ್ಲರೂ ನಕ್ಕು ಕೂತರು.

ಆಮೇಲೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಓಡಿಬಂದ. ತರಬೇತಿಯ ಜೆಟ್ ವಿಮಾನ ಗುಡ್ಡಕ್ಕೆ ಬಡಿದು ಬಿದ್ದಿತ್ತು; ಆ ಎರಡು ಸದ್ದು ಅದರದೇ.

"ಪೈಲಟ್ ಹುಡ್ಗ ಬೆಂಕೀಲಿ ಸಿಕ್ಕಿದ್ದ. ಎಷ್ಟು ಕೂಗಿದ್ರೂ ಕೂಲಿಯವ್ರ ಲೈನ್ ಮನೇಲಿ ಒಬ್ರೂ ಇರ್ಲಿಲ್ಲ. ಈಗ ಹೋದ."

ಇಂದು ಬೆಳಿಗ್ಗೆ ಸಾವಿನ ಮನೆಗೆ ಹೊರಡುವ ಮೊದಲು, ಅಂಗಳದಲ್ಲಿ ನಿಂತು ಗುಡ್ಡದ ಕಡೆ ಹೊಗೆ ಏಳುತ್ತಿದೆಯೇ ಎಂದು ನೋಡಿದೆ.