ಔಟಾದವರ ಬೆಂಚು

ಮೊನ್ನೆ ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೊಣಕಾಲಿಗೆ ನೋವಿನ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಉಳಿದವರೆಲ್ಲ ಮೂಗು ಮುಚ್ಚಿಕೊಂಡರು, ನಾನು ಮಾತ್ರ ನಾಚಿಕೆಯಿಲ್ಲದೆ ಮೂಗರಳಿಸಿದೆ. ನಿಮಗೆ ಹಬ್ಬದಡುಗೆಯ ವಾಸನೆ ಹೇಗೋ ನನಗೆ ಅದು ಹಾಗೆ. ಕಬಡ್ಡಿಯವರೆಲ್ಲ ಆ ವಾಸನೆಯಲ್ಲೇ ಬೆಳೆದವರು. ಅದರ ಹಿಂದೆಯೇ ಬಾಷಾ ನೆನಪಾದ.

ಬಾಷಾ ಚಿತ್ರದುರ್ಗದ ಹಾಸಿಗೆ ಅಂಗಡಿಯವರ ಮಗ. ಇಲಾಖೆಯೊಂದರ ತಂಡದಲ್ಲಿ ಸಂಬಳಕ್ಕೆ ಕಬಡ್ಡಿ ಆಡಿದವನು. ಎದುರಾಳಿಯ ಕಣಕಾಲಿಗೆ ಕೈ ಹಾಕಿದನೆಂದರೆ ಮುಗಿಯಿತು. ನಾನೂ ಅದೇ ತಂಡದಲ್ಲಿದ್ದೆ ಎಂದು ಹೇಳಿಕೊಳ್ಳಬಹುದು. ಆಡಿದ್ದಕ್ಕಿಂತ ಬೆಂಚು ಸವೆಸಿದ್ದೇ ಹೆಚ್ಚು. ಆಟಕ್ಕೆ ಮೊದಲು ಅಂಗೈಗೆ ಮಣ್ಣು ತಿಕ್ಕಿಕೊಂಡು ನಾವಿಬ್ಬರೂ ಕೈ ಕೈ ಹಿಡಿದು ನಿಲ್ಲುತ್ತಿದ್ದೆವು. ಅವನು ಕಾಲಿಗೆ ಬಿದ್ದರೆ ನಾನು ಸೊಂಟಕ್ಕೆ ಬೀಳಬೇಕು.

ಹೊಳಲ್ಕೆರೆಯ ಒಂದು ಮ್ಯಾಚಿನಲ್ಲಿ ಎದುರಿನಿಂದ ನುಗ್ಗಿದವನು ಕೋಣದಂತಿದ್ದ. ಬಾಷಾ ಕಾಲಿಗೆ ಬಿದ್ದ. ನಾನು ಹೆದರಿ ಕೈ ಬಿಡಿಸಿಕೊಂಡು ಹಿಂದೆ ಸರಿದೆ. ಬಾಷಾನ ಹಣೆಗೆ ಅವನ ಮೊಣಕಾಲು ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಬಾಷಾ ಔಟಾಗಿ, ತೂರಾಡುತ್ತ ಹೋಗಿ ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ನಾನೂ ಔಟು. ಔಟಾದವರು ಔಟಾದ ಕ್ರಮದಲ್ಲೇ ಕೂರಬೇಕು, ಅದೇ ಕ್ರಮದಲ್ಲಿ ಎದ್ದು ಮತ್ತೆ ಒಳಗೆ ಹೋಗಬೇಕು. ಅವನ ಬಲಕ್ಕೆ ಕೂತೆ.

"ಎಲ್ಲಿಗೋಗಿತ್ತಲೇ ನಿನ್ ಕೈ?" ಎಂದ.

"ಬೆವರಿಗೆ ಜಾರ್ತಪ್ಪ" ಎಂದೆ.

ಅವನು ಹಣೆ ಒತ್ತಿಕೊಂಡು ಆಟದ ಕಡೆ ತಿರುಗಿದ. ಆಮೇಲೂ ಕೆಲವು ವರ್ಷ ಆಡಿದ, ಇನ್ನಷ್ಟು ಪೆಟ್ಟು ತಿಂದ. ತಲೆಸುತ್ತು ಹೆಚ್ಚಾದಾಗ ಆಟ ಬಿಟ್ಟು ಹಾಸಿಗೆ ಹೊಲಿಯಲು ಕೂತ. ನಾನು ಹೊಸದುರ್ಗದಲ್ಲಿ ಡ್ರಿಲ್ ಮಾಸ್ಟರಾದೆ, ಮಕ್ಕಳಿಗೆ ಧೈರ್ಯದ ಪಾಠ ಹೇಳಿದೆ. ನೋಡಿ ನನ್ನ ಭಂಡತನ! ಬಾಷಾನಿಗೆ ಮುಖ ತೋರಿಸುವ ಧೈರ್ಯ ಮಾತ್ರ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ರೇಡಿಯೋ, ಆ ಸುಳ್ಳು, ಇಷ್ಟೇ ಉಳಿದಿದ್ದೆವು.

ಬಸ್ಸಿಳಿದವನು, ಮನಸ್ಸು ಬದಲಾಗುವ ಮುಂಚೆ, ನೇರ ಅವನ ಅಂಗಡಿಗೆ ಹೋದೆ.

"ಬರ್ರಿ ಅಣ್ಣಾ, ಕುಂತ್ಕಳ್ರಿ. ಅವ್ರಿಗೀಗ ಯಾರ ಗುರುತೂ ಸಿಗಲ್ಲ. ಬೇಜಾರ್ ಮಾಡ್ಕಬ್ಯಾಡ್ರಿ" ಎಂದು ಅವನ ಹೆಂಡತಿ ಟೀ ಮಾಡಲು ಒಳಗೆ ಹೋದರು.

ಬಾಗಿಲ ಪಕ್ಕದ ಬೆಂಚಿನ ಮೇಲೆ ಬಾಷಾ ಕೂತಿದ್ದ. ತಲೆಯ ತುಂಬ ಹತ್ತಿಯ ಎಳೆ. ನನ್ನ ಹೆಸರು ಹೇಳಿದೆ, ಅವನು ರಸ್ತೆ ನೋಡುತ್ತಲೇ ಇದ್ದ. ಅವನ ಎಡಕ್ಕೆ ಕೂತೆ.

"ಏ, ಅಲ್ಲಲ್ಲ!" ಎಂದು ರೇಗಿದ. "ನೀನು ನಾನಾದ್ಮೇಲೆ ಔಟಾದೋನು. ಈ ಕಡೆ ಬಾ."

ಎದ್ದು ಬಲಕ್ಕೆ ಹೋಗಿ ಕೂತು, ಅವನ ಕೈ ಹಿಡಿದುಕೊಂಡು ಹೇಳಿಬಿಟ್ಟೆ. "ಬಾಷಾ, ಅವತ್ತು ಬೆವರಿಗೆ ಜಾರ್ಲಿಲ್ಲಪ್ಪ. ನಾನೇ ಹೆದರ್ಕಂಡು ಬಿಡಿಸ್ಕಂಡೆ."

"ಗೊತ್ತೈತೆ ಬಿಡಲೇ. ಇಬ್ರೂ ಕೈಗೆ ಮಣ್ಣು ತಿಕ್ಕಂಡಿದ್ವಿ. ಬೆವರು ಎಲ್ಲಿಂದ ಬಂತು?"

ಎಷ್ಟೋ ವರ್ಷ ನಾನು ಬಚ್ಚಿಟ್ಟಿದ್ದು ಅವನಿಗೆ ಅವತ್ತೇ ಗೊತ್ತಿತ್ತು! ನಗು, ಅಳು ಎರಡೂ ಒಟ್ಟಿಗೇ ಬಂದವು. "ಮತ್ಯಾಕೋ ಬೈಲಿಲ್ಲ ನೀನು?" ಎಂದೆ.

ಅವನು ನಿಧಾನಕ್ಕೆ ತಿರುಗಿ ನನ್ನ ಮುಖ ನೋಡಿದ. "ಹಾಸಿಗೆ ಬೇಕಿತ್ತಾ ಸಾರ್? ಒಬ್ರಿಗಾ, ಇಬ್ರಿಗಾ?"

"ಒಬ್ರಿಗೆ" ಎಂದೆ.

ಅವನ ಹೆಂಡತಿ ಟೀ ತಂದರು. ಲೋಟವನ್ನು ಒಂದೇ ಕೈಯಲ್ಲಿ ಇಸಿದುಕೊಂಡೆ. ಇನ್ನೊಂದು ಬಾಷಾನ ಕೈಯಲ್ಲಿತ್ತು.